ಆಟದ ನಕ್ಷೆಯಲ್ಲಿ ವಿಜಯಪುರವೂ ಅದರ ನೀರೂ

ವಿಜಯಪುರವು ನದೀತೀರದ ಪಟ್ಟಣವಲ್ಲ. ಕೃಷ್ಣೆಯೂ ಭೀಮೆಯೂ ದೂರದಲ್ಲಿ ಹರಿಯುವುವು. ಸಮೀಪದ ಡೋಣಿಯ ನೀರು ಸವುಳು. ಇಂತಹ ನೆಲದ ಮೇಲೆ ಒಂದು ರಾಜಧಾನಿಯು ಇನ್ನೂರು ವರ್ಷಗಳಿಗೆ ಸಮೀಪವಾಗಿ ನಿಂತಿತೆಂದರೆ, ಅದು ತೊರವಿಯಿಂದಲೂ ಬೇಗಮ್ ತಲಾಬದಿಂದಲೂ ನೆಲದೊಳಗಿನಿಂದ ತರಿಸಿದ ನೀರಿನ ಬಲದಿಂದಲೇ ಹೊರತು ಬೇರೆಯಲ್ಲ. ಆ ಪುರಾತನ ವ್ಯವಸ್ಥೆಯು ಶಿಥಿಲವಾದ ತರುವಾಯ, ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ, ಆಂಗ್ಲರ ಆಳಿಕೆಯ ಕಾಲಕ್ಕೆ, ಊರ ಹೊರಗಣ ಭೂತನಾಳದಲ್ಲಿ ಕೆರೆಯನ್ನು ಕಟ್ಟಿಸಿ ಪಟ್ಟಣಿಗರಿಗೆ ಕುಡಿಯುವ ನೀರನ್ನು ಒದಗಿಸಲಾಯಿತು. ಆದಕಾರಣ ಭೂತನಾಳದ ಏರಿಯ ಮೇಲೆ ನಿಂತವನು ಕೇವಲ ಒಂದು ಕೆರೆಯನ್ನು ನೋಡುವುದಿಲ್ಲ. ಹೊರಗಿನಿಂದ ನೀರು ಬಂದಾಗಲೆಲ್ಲ ಬಾಳಿ, ಬಾರದಾಗಲೆಲ್ಲ ಬಾಡಿದ ಒಂದು ನಗರದ ಇತಿಹಾಸದ ಈಚಿನ ಕೊಂಡಿಯೊಂದನ್ನು ನೋಡುತ್ತಾನೆ.

ಈ ಊರಿನ ಹೆಸರು ಈಗ ಮತ್ತೊಂದು ಅನಿರೀಕ್ಷಿತವಾದ ಸ್ಥಳದಲ್ಲಿಯೂ ಕಾಣಬರುತ್ತಿದೆ. ಸ್ವೀಡನ್ ದೇಶದ ಸ್ಟಾಕ್‌ಹೋಮ್ ನಗರದ ಪ್ಯಾರಡಾಕ್ಸ್ ಎಂಬ ಸಂಸ್ಥೆಯವರು ೨೦೧೩ರ ಆಗಸ್ಟಿನಲ್ಲಿ ಹೊರತಂದ 'ಯೂರೋಪಾ ಯೂನಿವರ್ಸಾಲಿಸ್' ಎಂಬ ವಿಡಿಯೋ ಆಟದ ನಾಲ್ಕನೆಯ ಕೃತಿಯಲ್ಲಿ ಭೂಮಂಡಲದ ನಕ್ಷೆಯೇ ಆಟದ ಹಾಸಾಗಿದೆ. ಅದರಲ್ಲಿ ವಿಜಯನಗರವುಂಟು, ಬಹಮನಿ ರಾಜ್ಯವುಂಟು, ಬಿಜಾಪುರವೂ ಉಂಟು. ಭೂತನಾಳದ ಅಥವಾ ತಿಕೋಟೆಯ ತರುಣನೊಬ್ಬನು ಕಂಪ್ಯೂಟರಿನ ಮುಂದೆ ಕುಳಿತು ಆ ನಕ್ಷೆಯನ್ನು ಹಿಗ್ಗಿಸುತ್ತ ಹೋದರೆ, ಲಿಸ್ಬನ್, ಕಾನ್‌ಸ್ಟಾಂಟಿನೋಪಲ್‌ಗಳ ಹೆಸರುಗಳಿಗೆ ಸರಿಸಮನಾಗಿ ತನ್ನ ಜಿಲ್ಲೆಯ ಹೆಸರನ್ನೂ ಓದಬಲ್ಲನು. ಇಂತಹ ಆಟಗಳನ್ನು ಆಡಿದವರು ಅನಂತರ ನಿಜವಾದ ಚರಿತ್ರೆ, ಭೂಗೋಳ, ಖಗೋಳಗಳನ್ನು ಓದಲು ತೊಡಗುತ್ತಾರೆಂಬ ಮಾತು ಈಗ ಸಾಮಾನ್ಯವಾಗಿ ಕೇಳಬರುತ್ತದೆ. ಅದು ಎಷ್ಟರಮಟ್ಟಿಗೆ ಸತ್ಯ, ಯಾವ ಬಗೆಯ ಆಟವು ಯಾವ ಬಗೆಯ ಜಿಜ್ಞಾಸೆಯನ್ನು ಹುಟ್ಟಿಸುತ್ತದೆ, ವಿಜಯಪುರದಂತಹ ಊರಿಗೆ ಅದರಿಂದ ಆಗುವ ಪ್ರಯೋಜನವೇನು ಎಂಬುದು ಇಲ್ಲಿ ವಿಚಾರಣೀಯವಾದ ವಿಷಯ.

ಆಟಕ್ಕೂ ಅರಿವಿಗೂ ಇರುವ ನಂಟು ಕನ್ನಡ ನಾಡಿಗೆ ಹೊಸದೇನಲ್ಲ. ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ರಚಿಸಿದ 'ಮಾನಸೋಲ್ಲಾಸ'ವು ರಾಜನು ತಿಳಿಯಬೇಕಾದ ವಿಷಯಗಳ ಜೊತೆಗೆ ಕ್ರೀಡೆಗಳಿಗೂ ಒಂದು ವಿಭಾಗವನ್ನೇ ಮೀಸಲಾಗಿಟ್ಟಿದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (೧೭೯೪–೧೮೬೮) 'ಶ್ರೀತತ್ತ್ವನಿಧಿ'ಯ ಕೌತುಕನಿಧಿಯಲ್ಲಿ ಆಟಗಳನ್ನು ವಿವರಿಸಿರುವರು. ಅವರ ಗಂಜೀಫಾ ಎಲೆಗಳಲ್ಲಿ ದೇವತೆಗಳು, ಗ್ರಹಗಳು, ವಾಹನಗಳು ಚಿತ್ರಿತವಾಗಿದ್ದು, ಎಲೆಗಳನ್ನು ಗುರುತಿಸಬೇಕಾದರೆ ಆಡುವವನಿಗೆ ಮೂರ್ತಿಲಕ್ಷಣದ ಜ್ಞಾನವು ಬೇಕೇಬೇಕು. ಪರಮಪದ ಸೋಪಾನ ಪಟವಂತೂ ಮನೆಮನೆಯಲ್ಲಿದ್ದುದೇ. ಆದರೆ ಇವೆರಡಕ್ಕೂ ಒಂದು ಭೇದವುಂಟು. ಪರಮಪದದ ಪಟದಲ್ಲಿ ಯಾವ ಗುಣದಿಂದ ಏಣಿ, ಯಾವ ದೋಷದಿಂದ ಹಾವು ಎಂಬುದನ್ನು ಪಟವೇ ಹೇಳಿಬಿಡುತ್ತದೆ. ಏಕೆಂದು ಕೇಳುವುದಕ್ಕೆ ಎಡೆಯಿಲ್ಲ, ಕವಡೆಯು ಬಿದ್ದಂತೆ ನಡೆಯತಕ್ಕದ್ದು. ಗಂಜೀಫಾದಲ್ಲಾದರೆ ಚಿತ್ರವನ್ನು ಗುರುತಿಸಲಾರದವನು ಸೋಲುತ್ತಾನೆ. ಸೋತವನು ಶಾಸ್ತ್ರವನ್ನು ವಿಚಾರಿಸುತ್ತಾನೆ. ಮೊದಲನೆಯದು ಉಪದೇಶ, ಎರಡನೆಯದು ಪ್ರಚೋದನೆ. ಈಗಿನ ವಿಡಿಯೋ ಆಟಗಳನ್ನು ಬೆಲೆಕಟ್ಟುವಾಗಲೂ ಈ ಭೇದವನ್ನು ನೆನಪಿನಲ್ಲಿಡುವುದು ಉಚಿತ.

ಪಾಠಕ್ಕಾಗಿಯೇ ಆಟವನ್ನು ಕಟ್ಟಿದ ಪ್ರಯತ್ನಗಳಲ್ಲಿ ಅಮೆರಿಕದ 'ಆರೆಗಾನ್ ಟ್ರೇಲ್' ಪ್ರಸಿದ್ಧವಾದುದು. ೧೯೭೧ರಲ್ಲಿ ಮಿನೆಸೋಟದ ಮೂವರು ತರುಣ ಉಪಾಧ್ಯಾಯರು, ಹತ್ತೊಂಬತ್ತನೆಯ ಶತಮಾನದಲ್ಲಿ ಪಶ್ಚಿಮಕ್ಕೆ ಬಂಡಿ ಕಟ್ಟಿಕೊಂಡು ಹೋದ ವಲಸೆಗಾರರ ಕಷ್ಟಗಳನ್ನು ಮಕ್ಕಳಿಗೆ ಮನಗಾಣಿಸಲೆಂದು ಅದನ್ನು ರಚಿಸಿದರು. ಆಗ ಪರದೆಯೂ ಇರಲಿಲ್ಲ. ದೂರಮುದ್ರಕದ ಕಾಗದದ ಮೇಲೆ ಯಂತ್ರವು ಪ್ರಶ್ನೆಯನ್ನು ಅಚ್ಚಿಸುವುದು, ಹುಡುಗರು ಉತ್ತರವನ್ನು ಒತ್ತುವುದು, ಇಷ್ಟೇ. ಮುಂದೆ ವ್ಯಾಪಾರಕ್ಕಾಗಿ ಹುಟ್ಟಿದ ಆಟಗಳೂ ಶಾಲೆಯೊಳಗೆ ಬಂದುವು. ಕರ್ಟ್ ಸ್ಕ್ವೈರ್ ಎಂಬ ವಿದ್ವಾಂಸನು 'ಸಿವಿಲೈಸೇಶನ್' ಎಂಬ ಆಟಮಾಲೆಯ ಮೂರನೆಯ ಕೃತಿಯನ್ನು ತರಗತಿಗಳಲ್ಲಿ ಆಡಿಸಿ ನೋಡಿ ೨೦೦೪ರಲ್ಲಿ ತನ್ನ ಪ್ರಬಂಧವನ್ನು ಒಪ್ಪಿಸಿದನು. ಆತನು ಕಂಡದ್ದು ಆಟದ ಪಕ್ಷಪಾತಿಗಳು ಬಯಸುವಷ್ಟು ಸರಳವಾಗಿರಲಿಲ್ಲ. ಕೆಲವು ಹುಡುಗರು ಆಟವು ಅತಿಕಠಿನವೆಂದು ಬೇಸತ್ತು ಬಿಟ್ಟರು. ಮತ್ತೆ ಕೆಲವರಾದರೋ ತಾವು ಸೋತುದೇಕೆಂದು ಯೋಚಿಸುತ್ತ ಭೂಗೋಳಕ್ಕೂ ರಾಜ್ಯಗಳ ಏಳುಬೀಳುಗಳಿಗೂ ಇರುವ ಸಂಬಂಧವನ್ನು ಪ್ರಶ್ನಿಸತೊಡಗಿದರು. ಎಂದರೆ ಆಟವು ಎಲ್ಲರಿಗೂ ಮದ್ದಲ್ಲ. ಸೋಲಿನ ಕಾರಣವನ್ನು ಹುಡುಕುವ ಮನಸ್ಸುಳ್ಳವನಿಗೆ ಮಾತ್ರ ಅದು ಕೆಲಸ ಮಾಡುತ್ತದೆ.

ಸೋಲು ಹೇಗೆ ಗುರುವಾಗುವುದೆಂಬುದಕ್ಕೆ ಉತ್ತಮವಾದ ನಿದರ್ಶನವನ್ನು ಚರಿತ್ರೆಯ ಆಟಗಳಲ್ಲಿ ಅಲ್ಲ, ಖಗೋಳದ ಆಟದಲ್ಲಿ ಕಾಣಬಹುದು. ಮೆಕ್ಸಿಕೋ ನಗರದ ಸ್ಕ್ವಾಡ್ ಎಂಬ ಸಂಸ್ಥೆಯಲ್ಲಿ ರೂಪುಗೊಂಡು ೨೦೧೧ರಲ್ಲಿ ಮೊದಲು ಹೊರಬಿದ್ದು ೨೦೧೫ರಲ್ಲಿ ಪೂರ್ಣಗೊಂಡ 'ಕರ್ಬಲ್ ಸ್ಪೇಸ್ ಪ್ರೋಗ್ರಾಮ್' ಎಂಬ ಆಟದಲ್ಲಿ ಆಟಗಾರನು ರಾಕೆಟ್ಟನ್ನು ತಾನೇ ಜೋಡಿಸಿ ಹಾರಿಸತಕ್ಕದ್ದು. ಹೊಸಬನು ಚಂದ್ರನ ಕಡೆಗೆ ನೆಟ್ಟಗೆ ಗುರಿಯಿಟ್ಟು ಹಾರಿಸುತ್ತಾನೆ. ಇಂಧನವು ಮುಗಿಯುತ್ತದೆ, ನೌಕೆಯು ಮರಳಿ ಬೀಳುತ್ತದೆ. ತನಗಿಂತ ಮುಂದೆ ಅದೇ ಕಕ್ಷೆಯಲ್ಲಿ ಹೋಗುತ್ತಿರುವ ನೌಕೆಯನ್ನು ಹಿಡಿಯಲು ವೇಗವನ್ನು ಹೆಚ್ಚಿಸುತ್ತಾನೆ. ಹೆಚ್ಚಿಸಿದಷ್ಟೂ ಹಿಂದೆ ಬೀಳುತ್ತಾನೆ. ವೇಗವನ್ನು ಕುಗ್ಗಿಸಿ ಕೆಳಗಿನ ಕಕ್ಷೆಗೆ ಇಳಿದರೆ ಮಾತ್ರ ಮುಂದಿನವನನ್ನು ಮುಟ್ಟಬಹುದೆಂಬ ತತ್ತ್ವವು ಸಾಮಾನ್ಯ ಬುದ್ಧಿಗೆ ವಿರುದ್ಧವಾಗಿ ತೋರುವುದರಿಂದಲೇ ಅದು ಮನಸ್ಸನ್ನು ಕೊರೆಯುತ್ತದೆ. ಹೀಗೆ ಹತ್ತಾರು ಬಾರಿ ಕೆಡೆದು ಕಲಿತವನಿಗೆ, ೨೦೨೩ರ ಜುಲೈ ೧೪ರಂದು ಶ್ರೀಹರಿಕೋಟೆಯಿಂದ ಹೊರಟ ಚಂದ್ರಯಾನ–೩ ನೆಟ್ಟಗೆ ಚಂದ್ರನಿಗೆ ಹೋಗದೆ ಭೂಮಿಯ ಸುತ್ತ ದೀರ್ಘವೃತ್ತವನ್ನು ಹಂತಹಂತವಾಗಿ ಹಿಗ್ಗಿಸುತ್ತ ಹೋಗಿ ಆಗಸ್ಟ್ ೨೩ರಂದು ಇಳಿದುದೇಕೆಂಬುದನ್ನು ಬೇರೆಯವರು ವಿವರಿಸಬೇಕಾಗಿಲ್ಲ. ಬೆಂಗಳೂರಿನ ಬಾಹ್ಯಾಕಾಶ ಸಂಸ್ಥೆಯ ಪ್ರಕಟನೆಗಳಲ್ಲಿ ಬರುವ ಪೆರಿಜಿ, ಅಪೋಜಿ ಎಂಬ ಮಾತುಗಳು ಅವನಿಗೆ ಕೈಯಲ್ಲಿ ಹಿಡಿದು ನೋಡಿದ ವಸ್ತುಗಳಂತಾಗಿರುತ್ತವೆ.

ಈ ಆಟದಲ್ಲಿಯೂ ದೋಷವಿಲ್ಲದಿಲ್ಲ. ಅದರ ಕರ್ಬಿನ್ ಎಂಬ ಗ್ರಹದ ತ್ರಿಜ್ಯವು ೬೦೦ ಕಿಲೋಮೀಟರ್ ಮಾತ್ರ; ಭೂಮಿಯದರ ಹತ್ತನೆಯ ಒಂದು ಪಾಲಿಗಿಂತ ಕಡಮೆ. ಅದಕ್ಕಿಂತಲೂ ಗಮನಾರ್ಹವಾದುದು, ಒಂದು ಹೊತ್ತಿಗೆ ಒಂದೇ ಆಕಾಶಕಾಯದ ಸೆಳೆತವನ್ನು ಆಟವು ಲೆಕ್ಕಕ್ಕೆ ಹಿಡಿಯುವುದು. ಎರಡು ಕಾಯಗಳ ಸೆಳೆತದ ಸಮತೋಲದಿಂದ ಉಂಟಾಗುವ ಲಗ್ರಾಂಜ್ ಬಿಂದುಗಳು ಹೀಗಾಗಿ ಅದರಲ್ಲಿ ಇಲ್ಲವೇ ಇಲ್ಲ. ೨೦೨೪ರ ಜನವರಿ ೬ರಂದು ಅಂತಹ ಬಿಂದುವಿನ ಸುತ್ತಣ ಕಕ್ಷೆಯನ್ನು ಸೇರಿದ ಆದಿತ್ಯ–ಎಲ್೧ ನೌಕೆಯ ಯಾತ್ರೆಯನ್ನು ಮೂಲ ಆಟದಲ್ಲಿ ಆಡಲು ಬಾರದು. ಆದರೆ ಕುತೂಹಲದ ಸಂಗತಿಯೆಂದರೆ, ಈ ಕೊರತೆಯನ್ನು ಕಂಡುಹಿಡಿದವರು ಆಟಗಾರರೇ. ಅನೇಕ ಕಾಯಗಳ ಸೆಳೆತವನ್ನು ಒಟ್ಟಿಗೆ ಗಣಿಸುವ 'ಪ್ರಿನ್ಸಿಪಿಯಾ' ಎಂಬ ಪೂರಕವನ್ನು ರಚಿಸಿ ಸೇರಿಸಿದವರೂ ಅವರೊಳಗಿನವರೇ. ನ್ಯೂಟನ್ನನ ಗ್ರಂಥದ ಹೆಸರನ್ನು ಅದಕ್ಕೆ ಇಟ್ಟುದು ಬರಿಯ ಅಲಂಕಾರವಲ್ಲ. ನಿಯಮವು ಪ್ರಾಮಾಣಿಕವಾಗಿದ್ದರೆ ಅದರ ಕೊರತೆಯೂ ವಿದ್ಯೆಗೆ ದಾರಿಯಾಗುವುದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ದೃಷ್ಟಾಂತವು ದೊರೆಯದು.

ಈಗ ವಿಜಯಪುರದ ಹೆಸರನ್ನು ಹೊತ್ತ ಆಟಕ್ಕೆ ಬರಬಹುದು. 'ಯೂರೋಪಾ ಯೂನಿವರ್ಸಾಲಿಸ್' ನಾಲ್ಕನೆಯ ಕೃತಿಯ ಕಾಲವು ೧೪೪೪ರ ನವೆಂಬರ್ ೧೧ರಂದು, ಎಂದರೆ ವಾರ್ನಾ ಯುದ್ಧದ ಮರುದಿನ, ಆರಂಭವಾಗಿ ೧೮೨೧ಕ್ಕೆ ಮುಗಿಯುತ್ತದೆ. ಆರಂಭದ ದಿನದಲ್ಲಿ ದಖ್ಖನಿನ ಮೇಲೆ ಬಹಮನಿಗಳ ವರ್ಣವು ಹರಡಿರುತ್ತದೆ, ದಕ್ಷಿಣದಲ್ಲಿ ವಿಜಯನಗರದ್ದು. ಯೂಸುಫ್ ಆದಿಲ್ ಖಾನನು ಸ್ವತಂತ್ರನಾದುದು ೧೪೯೦ರ ಸುಮಾರಿಗಾದುದರಿಂದ ಬಿಜಾಪುರವು ಮೊದಲ ದಿನವೇ ರಾಜ್ಯವಾಗಿ ಕಾಣದಿರುವುದು ಚರಿತ್ರೆಗೆ ಸಮ್ಮತವೇ ಸರಿ. ಈ ಆಟದ ಮುಖ್ಯ ಗುಣವೆಂದರೆ ಯಾವ ರಾಜ್ಯವನ್ನಾದರೂ ಆರಿಸಿಕೊಳ್ಳಬಹುದೆಂಬುದು. ಶಾಲೆಯ ಪುಸ್ತಕದಲ್ಲಿ ಒಂದು ಪರಿಚ್ಛೇದಕ್ಕೆ ಇಳಿದುಹೋದ ಬೀದರು, ಬೆರಾರು, ಅಹಮದನಗರಗಳು ಇಲ್ಲಿ ಆಡತಕ್ಕ ರಾಜ್ಯಗಳು. ಯೂರೋಪಿನಲ್ಲಿ ಕುಳಿತು ಆಡುವವನಿಗೆ ಬಹಮನಿಯೆಂಬ ಹೆಸರೇ ಹೊಸದು. ಅದನ್ನು ಆರಿಸಿಕೊಂಡವನು ಸೋತೋ ಗೆದ್ದೋ, 'ಇವರು ಯಾರು?' ಎಂದು ಕೇಳದೆ ಇರನು. ರೋಮನ್ ಇತಿಹಾಸದ ಅಧ್ಯಾಪಕ ಬ್ರೆಟ್ ಡೆವೆರೋ ಎಂಬಾತನು ೨೦೨೧ರಲ್ಲಿ ಈ ಆಟವನ್ನೇ ಕುರಿತು ಒಂದು ಲೇಖನಮಾಲೆಯನ್ನು ಬರೆದುದಕ್ಕೆ ಕಾರಣವೂ ಇದೇ: ವಿದ್ಯಾರ್ಥಿಗಳು ಇತಿಹಾಸದ ಕಲ್ಪನೆಯನ್ನು ಇಂತಹ ಆಟಗಳಿಂದ ಪಡೆದೇ ತರಗತಿಗೆ ಬರುತ್ತಿರುವಾಗ ಆ ಕಲ್ಪನೆ ಎಂತಹುದೆಂದು ಅಧ್ಯಾಪಕನು ಅರಿತಿರಬೇಕಾಗುತ್ತದೆ.

ಆಟದ ಒಂದು ನಿಯಮವು ನಿಜಕ್ಕೂ ಪ್ರಶಂಸಾರ್ಹ. ಒಂದು ರಾಜ್ಯವು ನೆರೆಯವರ ನೆಲವನ್ನು ಬೇಗಬೇಗನೆ ನುಂಗುತ್ತ ಹೋದರೆ ಉಳಿದವರ ಮನಸ್ಸಿನಲ್ಲಿ ಭಯವು ಸಂಖ್ಯಾರೂಪವಾಗಿ ಬೆಳೆಯುತ್ತದೆ. ಅದು ಮಿತಿಮೀರಿದಾಗ ತಮ್ಮೊಳಗಿನ ಹಗೆಯನ್ನು ಮರೆತು ಅವರೆಲ್ಲರೂ ಒಕ್ಕೂಟವಾಗಿ ಏರಿಬರುತ್ತಾರೆ. ವಿಜಯನಗರವನ್ನು ಆರಿಸಿಕೊಂಡು ಉತ್ತರಕ್ಕೆ ಕೈಚಾಚಿದ ಆಟಗಾರನು ಒಮ್ಮೆಯಾದರೂ ಈ ಬಲೆಗೆ ಬೀಳುತ್ತಾನೆ. ಬಿದ್ದವನು ೧೫೬೫ರ ಜನವರಿಯ ಯುದ್ಧದ ವೃತ್ತಾಂತವನ್ನು ಓದಿದರೆ, ಇದೇ ವಿಜಯಪುರ ಜಿಲ್ಲೆಯ ತಾಳಿಕೋಟೆಯ ಹೆಸರನ್ನು ಪಡೆದು ರಕ್ಕಸಗಿ–ತಂಗಡಗಿಯೆಂದೂ ಕರೆಯಲ್ಪಡುವ ಆ ಕಾಳಗವು ಅವನಿಗೆ ಬರಿಯ ಇಸವಿಯಾಗಿ ತೋರದು. ಸುಲ್ತಾನರನ್ನು ಒಬ್ಬರ ಮೇಲೊಬ್ಬರನ್ನಾಗಿ ಎತ್ತಿಕಟ್ಟಿ ಬಹುಕಾಲ ಗೆದ್ದ ರಾಮರಾಯನ ನೀತಿಯೇ ಅವರನ್ನು ಕಡೆಗೆ ಒಂದುಗೂಡಿಸಿತೆಂಬ ಮಾತನ್ನು ಅವನು ತೂಗಿನೋಡಬಲ್ಲನು. ಅಹಮದನಗರದ ಹುಸೇನ ನಿಜಾಮಶಾಹನು ಮಗಳು ಚಾಂದಬೀಬಿಯನ್ನು ಆಲಿ ಆದಿಲಶಾಹನಿಗೆ ಕೊಟ್ಟು ಸೊಲ್ಲಾಪುರದ ಕೋಟೆಯನ್ನು ಬಳುವಳಿಯಾಗಿ ಬಿಟ್ಟುಕೊಟ್ಟನೆಂಬ ಸಂಗತಿಯು, ಒಕ್ಕೂಟವು ಭಯದಿಂದ ಮಾತ್ರ ಕಟ್ಟಿದುದಲ್ಲ, ಕೊಟ್ಟುಕೊಂಡು ಕಟ್ಟಿದುದೆಂಬುದನ್ನೂ ಅವನಿಗೆ ಕಾಣಿಸುವುದು. ಸಂಖ್ಯೆಯು ಹುಟ್ಟಿಸಿದ ಪ್ರಶ್ನೆಗೆ ಸಂಖ್ಯೆಯನ್ನು ಮೀರಿದ ಉತ್ತರವು ದೊರೆಯುವುದೆಂದರೆ ಇದೇ.

ಆದರೆ ಇದೇ ಆಟವು ದಖ್ಖನಿನ ಜೀವಾಳವನ್ನು ಕಾಣಲಾರದಂತಹ ನಿಯಮಗಳನ್ನೂ ಹೊಂದಿದೆ. ಪ್ರತಿಯೊಂದು ಪ್ರಾಂತಕ್ಕೆ ಒಂದೇ ಮತ, ಒಂದೇ ಸಂಸ್ಕೃತಿ; ಕನ್ನಡವೆಂಬ ಹೆಸರು ಆ ಸಂಸ್ಕೃತಿಗಳ ಪಟ್ಟಿಯಲ್ಲಿ ಇದೆಯೆಂದು ಕನ್ನಡಿಗನು ಕ್ಷಣಕಾಲ ಹಿಗ್ಗಬಹುದಾದರೂ, ಒಂದು ಪ್ರಾಂತಕ್ಕೆ ಅದನ್ನು ಕೊಟ್ಟರೆ ಉಳಿದುದೆಲ್ಲ ಅಳಿಯಬೇಕಾಗುವುದು. ಕನ್ನಡ, ಮರಾಠಿ, ದಖನಿ, ಪಾರಸಿಗಳು ಒಂದೇ ಪೇಟೆಯಲ್ಲಿ ಕಲೆತ ನಗರ ವಿಜಯಪುರ. ಎರಡನೆಯ ಇಬ್ರಾಹಿಮ ಆದಿಲಶಾಹನು (೧೫೮೦–೧೬೨೭) ದಖನಿಯಲ್ಲಿ ರಚಿಸಿದ 'ಕಿತಾಬ್–ಎ–ನೌರಸ್'ನಲ್ಲಿ ಸರಸ್ವತಿ ಗಣಪತಿಗಳ ಸ್ತುತಿಯೂ ಕಲಬುರಗಿಯ ಬಂದೇನವಾಜರ ಸ್ತುತಿಯೂ ಜೊತೆಯಾಗಿ ಬರುವುವು. ಆಟದಲ್ಲಿ ಅರಸನ ಯೋಗ್ಯತೆಯನ್ನು ಆಡಳಿತ, ರಾಜನೀತಿ, ಸೈನ್ಯ ಎಂಬ ಮೂರು ಬಾಬುಗಳಲ್ಲಿ ಸೊನ್ನೆಯಿಂದ ಆರರ ವರೆಗಿನ ಅಂಕಗಳಿಂದ ಅಳೆಯಲಾಗುತ್ತದೆ; ಸಂಗೀತಕ್ಕಾಗಿ ತೊರವಿಯ ಹತ್ತಿರ ೧೫೯೯ರಲ್ಲಿ ನವರಸಪುರವೆಂಬ ಹೊಸ ಪಟ್ಟಣವನ್ನೇ ಕಟ್ಟತೊಡಗಿದ ದೊರೆಗೆ ಅಲ್ಲಿ ಯಾವ ಅಂಕವನ್ನು ಕೊಡತಕ್ಕದ್ದು? ಕೊರತೆಯೂ ಜಿಜ್ಞಾಸೆಗೆ ಕಾರಣವಾಗಬಹುದೆಂದು ಮೇಲೆ ಹೇಳಿದುದು ದಿಟ. ಆದರೆ ಅದಕ್ಕೆ ಕೊರತೆಯು ಕಣ್ಣಿಗೆ ಬೀಳುವಂತಿರಬೇಕು. ಕರ್ಬಲ್ ಆಟದಲ್ಲಿ ಲಗ್ರಾಂಜ್ ಬಿಂದುವು ಇಲ್ಲವೆಂಬುದು ಅದನ್ನು ಹುಡುಕಹೋದವನಿಗೆ ತಿಳಿಯುತ್ತದೆ. ಇಲ್ಲಿ ಒಂದೇ ಬಣ್ಣದ ಪ್ರಾಂತವನ್ನು ನೋಡಿದವನಿಗೆ ಅಲ್ಲಿ ಬೇರೆ ಬಣ್ಣಗಳಿದ್ದುವೆಂಬ ಶಂಕೆಯೇ ಬಾರದು. ಶಂಕೆ ಹುಟ್ಟದಂತೆ ಮುಚ್ಚಿದ ಕೊರತೆಯೇ ನಿಜವಾದ ದೋಷ.

ಇಂತಹ ಮುಚ್ಚಿದ ಕೊರತೆಗಳಿಂದ ಹುಸಿಯರಿವೂ ಹಬ್ಬುವುದುಂಟು. ೨೦೧೪ರ 'ಅಸಾಸಿನ್ಸ್ ಕ್ರೀಡ್ ಯೂನಿಟಿ' ಎಂಬ ಆಟದಲ್ಲಿ ಫ್ರೆಂಚ್ ಕ್ರಾಂತಿಕಾಲದ ಪ್ಯಾರಿಸ್ಸನ್ನು ಬಹು ಶ್ರಮದಿಂದ ಚಿತ್ರಿಸಲಾಗಿದೆ; ಆದರೂ ಅದರ ನೋತ್ರ್‌ದಾಮ್ ದೇವಾಲಯದ ಮೇಲಿರುವ ಶಿಖರವು ಆ ಕಾಲದ್ದಲ್ಲ, ಹತ್ತೊಂಬತ್ತನೆಯ ಶತಮಾನದ ನಡುವೆ ವಿಯೊಲೆ–ಲ–ದ್ಯುಕ್ ಎಂಬ ಶಿಲ್ಪಿಯು ನಿಲ್ಲಿಸಿದ್ದು. ಶಿಖರವಿಲ್ಲದ ದೇವಾಲಯವನ್ನು ಜನರು ಗುರುತಿಸಲಾರರೆಂಬುದು ವ್ಯಾಪಾರದ ನ್ಯಾಯ, ಇತಿಹಾಸದ್ದಲ್ಲ. ಗಾಂಧೀಜಿಯವರ ವಿಷಯವು ಇನ್ನೂ ವಿಚಿತ್ರ. ೧೯೯೧ರ 'ಸಿವಿಲೈಸೇಶನ್' ಆಟದಲ್ಲಿ ಅವರ ಆಕ್ರಮಣಶೀಲತೆಯ ಅಂಕವು ಒಂದರಿಂದ ಸೊನ್ನೆಗೂ ಕೆಳಗಿಳಿದು, ಗಣಕದ ತಪ್ಪಿನಿಂದ ೨೫೫ಕ್ಕೆ ಹಾರಿ, ಅಹಿಂಸಾಮೂರ್ತಿಯು ಅಣುಬಾಂಬಿನ ಪ್ರಯೋಗಕ್ಕೆ ತೊಡಗಿದನೆಂಬ ಕಥೆಯನ್ನು ಎಷ್ಟೋ ಮಂದಿ ಗಣಕಶಾಸ್ತ್ರದ ದೃಷ್ಟಾಂತವಾಗಿಯೇ ಹೇಳುತ್ತಿದ್ದರು. ೨೦೨೦ರಲ್ಲಿ ಆಟದ ನಿರ್ಮಾತೃವಾದ ಸಿಡ್ ಮೀಯರನು ತನ್ನ ಆತ್ಮಕಥೆಯಲ್ಲಿ ಅಂತಹ ತಪ್ಪು ಎಂದೂ ಇರಲಿಲ್ಲವೆಂದು ಸ್ಪಷ್ಟಪಡಿಸಿದನು. ಆಟವನ್ನು ಕುರಿತ ದಂತಕಥೆಯೇ ವಿದ್ಯೆಯ ವೇಷವನ್ನು ತಾಳಿದುದಕ್ಕೆ ಇದು ಸಾಕ್ಷಿ.

ಹಾಗಿರಲಿ. ಬಿಜಾಪುರದ ಆಟದಲ್ಲಿ ಮುಚ್ಚಿಹೋದ ಕೊರತೆಗಳಲ್ಲೆಲ್ಲ ಹಿರಿದಾದುದು ನೀರು. ೨೦೧೫ರ ಪರಿಷ್ಕರಣದ ಬಳಿಕ ಆ ಆಟದಲ್ಲಿ ಪ್ರಾಂತವನ್ನು ಬೆಳೆಸಬೇಕಾದರೆ ಅರಸನ ಯೋಗ್ಯತೆಯಿಂದ ಸಂಗ್ರಹವಾದ ಅಂಕಗಳನ್ನು ವೆಚ್ಚಮಾಡಿದರೆ ಸಾಕು. ಗುಂಡಿಯನ್ನು ಒತ್ತಿದೊಡನೆ ಕಂದಾಯವೋ ಉತ್ಪತ್ತಿಯೋ ದಂಡಾಳುಗಳೋ ಹೆಚ್ಚುವುವು. ಸವುಳು ಹೊಳೆಯ ಬಯಲಿನಲ್ಲಿ ಲಕ್ಷಾಂತರ ಜನರು ಏನನ್ನು ಕುಡಿದರೆಂದು ಕೇಳುವ ಸಂದರ್ಭವೇ ಬರುವುದಿಲ್ಲ. ವಿಜಯಪುರದಲ್ಲಿ ನಡೆದುದಾದರೆ ಇದು: ಒಂದನೆಯ ಆಲಿ ಆದಿಲಶಾಹನ ಕಾಲದಲ್ಲಿ (೧೫೫೮–೧೫೮೦) ತೊರವಿಯಿಂದ ನೆಲವನ್ನು ಕೊರೆದು ಸುರಂಗಮಾರ್ಗವಾಗಿ ನೀರನ್ನು ತರಲಾಯಿತು, ಸುರಂಗ ಬಾವಡಿಯು ಅದರ ಕುರುಹು. ಅದೇ ದೊರೆಯ ಕಾಲಕ್ಕೆ ಚಾಂದ ಬಾವಡಿಯೂ ಇಬ್ರಾಹಿಮನ ಕಾಲಕ್ಕೆ ತಾಜ ಬಾವಡಿಯೂ ಆದುವು. ಮುಂದೆ ಊರು ಬೆಳೆದು ಅದೂ ಸಾಲದಾಗಲು, ೧೬೫೧ರಲ್ಲಿ ಮಹಮ್ಮದ ಆದಿಲಶಾಹನು ಊರ ದಕ್ಷಿಣಕ್ಕೆ ಬೇಗಮ್ ತಲಾಬವನ್ನು ಕಟ್ಟಿಸಿ ಮಣ್ಣಿನ ಕೊಳವೆಗಳಿಂದ ನೀರನ್ನು ಒಳತಂದನು. ಆ ಕೊಳವೆಗಳ ದಾರಿಯಲ್ಲಿ ಅಲ್ಲಲ್ಲಿ ಚೌಕಾಕಾರದ ಎತ್ತರವಾದ ಗೋಪುರಗಳನ್ನು ನಿಲ್ಲಿಸಿರುವರು. ಊರವರು ಅವನ್ನು ಗಂಜ್ ಎಂದು ಕರೆಯುವರು. ಕೊಳವೆಯಲ್ಲಿ ನುಗ್ಗಿಬರುವ ನೀರು ಈ ಗೋಪುರವನ್ನೇರಿ ನಿಲ್ಲುವುದರಿಂದ ಅದರ ಒತ್ತಡವು ತಗ್ಗಿ ಮಣ್ಣಿನ ಕೊಳವೆಗಳು ಒಡೆಯದೆ ಉಳಿಯುವುವು, ಹೂಳೂ ತಳಕ್ಕಿಳಿಯುವುದು. ಗೋಳಗುಮ್ಮಟವನ್ನು ನೋಡಲು ಬಂದವರು ಈ ಗೋಪುರಗಳನ್ನು ಹಾಳುಬಿದ್ದ ಬುರುಜುಗಳೆಂದು ಭಾವಿಸಿ ದಾಟಿಹೋಗುವುದು ಸಾಮಾನ್ಯ.

ಈ ಗೋಪುರಗಳ ಮುಂದೆ ನಿಂತು 'ಇದೇಕೆ ಇಲ್ಲಿದೆ?' ಎಂದು ಕೇಳುವ ಬುದ್ಧಿಯನ್ನು ಕೊಡಬಲ್ಲ ಆಟವೊಂದುಂಟು; ಆದರೆ ಅದರಲ್ಲಿ ವಿಜಯಪುರದ ಹೆಸರಿಲ್ಲ. ೧೯೯೮ರಲ್ಲಿ ಇಂಪ್ರೆಷನ್ಸ್ ಎಂಬ ಸಂಸ್ಥೆಯವರು ರಚಿಸಿದ 'ಸೀಸರ್' ಆಟದ ಮೂರನೆಯ ಕೃತಿಯದು. ಅದರಲ್ಲಿ ಆಟಗಾರನು ರೋಮನ್ ಪಟ್ಟಣವೊಂದನ್ನು ಕಟ್ಟತಕ್ಕದ್ದು. ಬಾವಿಯ ನೀರನ್ನು ನಂಬಿದ ಮನೆಗಳು ಒಂದು ಮಟ್ಟಕ್ಕಿಂತ ಮೇಲೇರವು. ಕಾರಂಜಿಯ ನೀರು ಬೇಕು. ಕಾರಂಜಿಯು ಚಿಮ್ಮಬೇಕಾದರೆ ಸಮೀಪದಲ್ಲಿ ಜಲಾಶಯವಿರಬೇಕು; ಆ ಜಲಾಶಯವು ತುಂಬಬೇಕಾದರೆ ಹೊಳೆಯ ಅಥವಾ ಕೆರೆಯ ಅಂಚಿನ ಮತ್ತೊಂದು ಜಲಾಶಯದಿಂದ ಕಮಾನುಗಳ ಮೇಲಣ ನೀರ್ಗಾಲುವೆಯು ಬಂದು ಕೂಡಬೇಕು. ನಡುವೆ ಒಂದು ತುಂಡು ಕಾಲುವೆಯು ತಪ್ಪಿದರೂ ಕಾರಂಜಿಗಳು ಬತ್ತಿ, ಮಹಡಿಮನೆಗಳು ಮರಳಿ ಗುಡಿಸಲಾಗಿ ಇಳಿದು, ತೆರಿಗೆಯು ಕುಸಿದು, ಪಟ್ಟಣವು ಆಟಗಾರನ ಕಣ್ಣೆದುರಿಗೇ ಬಡವಾಗುತ್ತದೆ. ಎಷ್ಟೇ ದಂಡು ಇದ್ದರೂ ಎಷ್ಟೇ ದೇವಾಲಯಗಳನ್ನು ಕಟ್ಟಿಸಿದರೂ ನೀರಿಲ್ಲದ ಕೇರಿಯು ಏಳದು. ಈ ಸೋಲನ್ನು ಅನುಭವಿಸಿದವನು ಯಾವ ಊರಿಗೆ ಹೋದರೂ ಮೊದಲು ಕೇಳುವ ಪ್ರಶ್ನೆಯು, ಇಲ್ಲಿಗೆ ನೀರು ಎಲ್ಲಿಂದ ಬಂತು ಎಂಬುದು. ಈ ಆಟದಲ್ಲಿಯೂ ಇಳಿಜಾರಿನ ಲೆಕ್ಕವು ಆಟಗಾರನ ಪಾಲಿಗೆ ಬಂದಿಲ್ಲ. ಕಾಲುವೆಯನ್ನು ಕೂಡಿಸಿದರೆ ಸಾಕು, ನೀರು ಹರಿಯುತ್ತದೆ. ಹಾಗಾಗಿ ಗಂಜಿನ ಪ್ರಯೋಜನವನ್ನು ಅದು ತಾನಾಗಿ ಕಲಿಸದು. ಕಲಿಸಬೇಕಾದುದೂ ಇಲ್ಲ. ಅದು ಕಣ್ಣನ್ನು ಗೋಪುರದ ಕಡೆಗೆ ತಿರುಗಿಸಿದರೆ ಮಿಕ್ಕುದನ್ನು ಗೋಪುರವೇ ಹೇಳುವುದು.

ಎರಡು ಆಟಗಳನ್ನು ಹೀಗೆ ಪಕ್ಕಪಕ್ಕದಲ್ಲಿಟ್ಟರೆ ಜಿಜ್ಞಾಸೆಯಲ್ಲಿಯೇ ಎರಡು ಬಗೆಗಳಿರುವುದು ಗೋಚರವಾಗುವುದು. ಮೊದಲನೆಯ ಆಟವು ಬಿಜಾಪುರವೆಂಬ ಹೆಸರನ್ನು ಕೊಟ್ಟು 'ಯಾರು, ಎಂದು' ಎಂದು ಕೇಳಿಸುತ್ತದೆ; ಎರಡನೆಯದು ಹೆಸರನ್ನು ಕೊಡದೆ 'ಹೇಗೆ' ಎಂದು ಕೇಳಿಸುತ್ತದೆ. ಊರಿನ ಹೆಸರುಳ್ಳ ಆಟವು ಊರನ್ನು ತೋರಿಸಲಿಲ್ಲ, ರೋಮಿನ ಆಟವು ತೋರಿಸಿತು. ತಮ್ಮ ನಾಡಿನ ರಾಜರೂ ಕೋಟೆಗಳೂ ಆಟಗಳಲ್ಲಿ ಬಂದರೆ ತರುಣರು ತಾನಾಗಿ ನಾಡನ್ನು ಅರಿಯುವರೆಂದು ಆಶಿಸುವವರು ಇದನ್ನು ಗಮನಿಸುವುದೊಳ್ಳೆಯದು. ೨೦೨೨ರಲ್ಲಿ 'ಏಜ್ ಆಫ್ ಎಂಪೈರ್ಸ್' ಎರಡನೆಯ ಕೃತಿಗೆ ಬಂದ ಭಾರತೀಯ ರಾಜವಂಶಗಳ ಪೂರಕದಲ್ಲಿ ದಾಕ್ಷಿಣಾತ್ಯರಿಗೆಲ್ಲ ದ್ರಾವಿಡರೆಂಬ ಒಂದೇ ಹೆಸರು ದೊರೆತು, ಕಥೆಗೆ ಚೋಳ ರಾಜೇಂದ್ರನು ನಾಯಕನಾದನು. ಅಲ್ಲಿ ಚಾಲುಕ್ಯರಿಗೆ ಪ್ರತ್ಯೇಕ ಸ್ಥಾನವಿಲ್ಲವೆಂದು ಕನ್ನಡಿಗರು ಖೇದಪಡಬಹುದು. ಖೇದವು ಸಹಜವೇ. ಆದರೆ ಹುಲಿಯ ಬದಲು ವರಾಹದ ಲಾಂಛನವು ಧ್ವಜದ ಮೇಲೆ ಬಂದ ಮಾತ್ರದಿಂದ ಬಾದಾಮಿಯ ಬಂಡೆಯನ್ನು ಹೇಗೆ ಕೊರೆದರೆಂದು ಯಾರೂ ಕೇಳತೊಡಗುವುದಿಲ್ಲ.

ಪ್ರಶ್ನೆಯು ಹುಟ್ಟಿತೆಂದಿಟ್ಟುಕೊಳ್ಳಬಹುದು, ಉತ್ತರವು ಎಲ್ಲಿ ದೊರೆಯಬೇಕು? ವಿಜಯಪುರದ ಮಟ್ಟಿಗೆ ಈ ಪ್ರಶ್ನೆಯು ಕಠೋರವಾದುದು. ಹಾಳೂರನ್ನು ಕಂಡ ದರ್ಶನವೇ ಒಬ್ಬ ಮನುಷ್ಯನನ್ನು ಚರಿತ್ರಕಾರನನ್ನಾಗಿ ಮಾಡಿದ ಉದಾಹರಣೆಯು ಈ ಊರಿಗೇ ಸೇರಿದೆ: ಇಲ್ಲಿ ೧೮೮೦ರಲ್ಲಿ ಜನಿಸಿದ ಆಲೂರ ವೆಂಕಟರಾಯರು ೧೯೦೫ರಲ್ಲಿ ಹಂಪಿಯನ್ನು ಕಂಡುದರಿಂದಾದ ಕಳವಳವು ೧೯೧೭ರ 'ಕರ್ನಾಟಕ ಗತವೈಭವ'ದಲ್ಲಿ ಪರಿಣಮಿಸಿತು. ಆಗ ಅವರು ಓದಲು ಬೇಕಾದುದರಲ್ಲಿ ಬಹುಪಾಲು ಆಂಗ್ಲ ಭಾಷೆಯಲ್ಲಿತ್ತು, ಅದಕ್ಕಾಗಿಯೇ ಅವರು ಕನ್ನಡದಲ್ಲಿ ಬರೆದರು. ಅವರ ಓರಗೆಯವರಾಗಿ ಇದೇ ಊರಿನಲ್ಲಿ ವಕೀಲಿಯನ್ನು ನಡೆಸುತ್ತಿದ್ದ ಫ. ಗು. ಹಳಕಟ್ಟಿಯವರು ತಾಳೆಯೋಲೆಗಳನ್ನು ಅರಸಿ ಊರೂರು ತಿರುಗಿ, ೧೯೨೩ರಲ್ಲಿ 'ವಚನಶಾಸ್ತ್ರಸಾರ'ವನ್ನೂ ೧೯೨೬ರಿಂದ 'ಶಿವಾನುಭವ' ಪತ್ರಿಕೆಯನ್ನೂ ಹೊರಡಿಸಿದರು. ಅವರ ಹೆಸರಿನ ಸಂಶೋಧನ ಕೇಂದ್ರವು ಈಚೆಗೆ ಆದಿಲಶಾಹಿ ಕಾಲದ ಪಾರಸಿ ಮತ್ತು ದಖನಿ ಗ್ರಂಥಗಳನ್ನು ಕನ್ನಡಕ್ಕೆ ತರಿಸಿ ಪ್ರಕಟಿಸಿದೆ. ಇದು ಸಣ್ಣ ಕೆಲಸವಲ್ಲ. ಇಬ್ರಾಹಿಮನ ಆಸ್ಥಾನದಲ್ಲಿದ್ದು ಬರೆದ ಫೆರಿಸ್ತನ ಕಾಲದ ಸುದ್ದಿಯನ್ನು ತಿಳಿಯಲು ಭೂತನಾಳದ ವಿದ್ಯಾರ್ಥಿಯು ಈಗ ಪರಭಾಷೆಯ ಮೊರೆಹೊಗಬೇಕಾಗಿಲ್ಲ.

ಆದರೂ ಪ್ರಶ್ನೆಗೂ ಉತ್ತರಕ್ಕೂ ಭೇಟಿಯಾಗುತ್ತಿಲ್ಲ. ಆಟವು ಆಂಗ್ಲ, ಫ್ರೆಂಚ್, ಜರ್ಮನ್, ಸ್ಪ್ಯಾನಿಷ್ ಭಾಷೆಗಳಲ್ಲಿದೆ. ಅದರಲ್ಲಿ ಊರಿನ ಹೆಸರು ಬಿಜಾಪುರ. ೨೦೧೪ರ ನವೆಂಬರ್ ೧ರಿಂದ ಸರಕಾರದ ದಪ್ತರದಲ್ಲಿ ಊರು ವಿಜಯಪುರವಾಗಿದೆ. ಆಟದಲ್ಲಿ ಓದಿದ ಹೆಸರನ್ನು ಹಿಡಿದು ಹುಡುಕಹೊರಟವನಿಗೆ ಮೊದಲು ಸಿಕ್ಕುವುದು ೧೯೧೬ರ ಹೆನ್ರಿ ಕಸೆನ್ಸ್‌ನ ವಾಸ್ತುಗ್ರಂಥ, ರಿಚರ್ಡ್ ಈಟನ್ನನ ೧೯೭೮ರ ಸೂಫಿಗಳ ಚರಿತ್ರೆ ಮೊದಲಾದ ಆಂಗ್ಲ ಗ್ರಂಥಗಳು. ಅವು ಉತ್ತಮ ಗ್ರಂಥಗಳೇ ಆದರೂ, ಕನ್ನಡದ ಸಂಪುಟಗಳು ಅದೇ ಊರಿನ ಕಪಾಟಿನಲ್ಲಿ, ಮತ್ತೊಂದು ಹೆಸರಿನ ಕೆಳಗೆ, ಕನ್ನಡವನ್ನು ಓದಬಲ್ಲ ಆಟಗಾರನಿಗೇ ಕಾಣದೆ ಉಳಿಯುತ್ತವೆ. ಹುಡುಗನು ತನ್ನೂರನ್ನು ಸ್ವೀಡನ್ನಿನಿಂದ ಕಂಡು, ಲಂಡನ್ನಿನ ಪುಸ್ತಕದಿಂದ ತಿಳಿದು, ಕಡೆಗೂ ತನ್ನ ಮನೆಯ ನಲ್ಲಿಯ ನೀರಿನ ಕಥೆಯನ್ನು ತಿಳಿಯದೆ ಹೋಗುವುದು ಅಸಂಭವವಲ್ಲ. ವಿಶ್ವಸ್ಮಾರಕ ನಿಧಿಯವರು ೨೦೨೦ರ ತಮ್ಮ ಪಟ್ಟಿಯಲ್ಲಿ ದಖ್ಖನಿನ ಪ್ರಾಚೀನ ಜಲವ್ಯವಸ್ಥೆಯನ್ನೂ ಸುರಂಗ ಬಾವಡಿಯನ್ನೂ ಸೇರಿಸಿದಾಗ, ದಿನವೂ ಆ ದಾರಿಯಲ್ಲಿ ಓಡಾಡುವವರಲ್ಲಿಯೇ ಎಷ್ಟೋ ಮಂದಿಗೆ ಅದು ಸುದ್ದಿಯಾಗಿ ಬಂದಿರಬೇಕು.

೨೦೨೫ರ ನವೆಂಬರಿನಲ್ಲಿ ಸ್ಟಾಕ್‌ಹೋಮಿನವರು ತಮ್ಮ ಆಟದ ಐದನೆಯ ಕೃತಿಯನ್ನು ಹೊರತಂದಿರುವರು. ಅದರ ಕಾಲವು ೧೩೩೭ರಿಂದ ತೊಡಗುತ್ತದೆ. ಎಂದರೆ ವಿಜಯನಗರವು ಸ್ಥಾಪಿತವಾಯಿತೆಂದು ಪರಂಪರೆಯು ಹೇಳುವ ವರ್ಷದ ಮರುವರ್ಷ. ಹಿಂದಿನ ಕೃತಿಯ ನಕ್ಷೆಯೋ ೧೮೨೧ಕ್ಕೆ ಮುಗಿದುಹೋಗುತ್ತದೆ. ಬೇಗಮ್ ತಲಾಬದ ಕೊಳವೆಗಳು ಒಡೆದುದೂ, ಒಣಗಿದ ಪಟ್ಟಣವು ಭೂತನಾಳದ ಕಡೆಗೆ ತಿರುಗಿದುದೂ, ಆ ಕೆರೆಯೂ ಬರಗಾಲದಲ್ಲಿ ಬತ್ತಿ ಕೃಷ್ಣೆಯ ನೀರಿಗಾಗಿ ಕಾದುದೂ ಎಲ್ಲವೂ ಆ ನಕ್ಷೆಯ ಆಚೆಗೆ ಬಿದ್ದಿವೆ.